ಅರ್ಧ ಫೀಸಿನ ಹುಡುಗ: ಸೇಂಟ್ ಸಿಪ್ರಿಯನ್ಸ್ ಶಾಲೆಯ ಪ್ರಕರಣ

1911ರ ಸೆಪ್ಟೆಂಬರ್. ಇಂಗ್ಲೆಂಡಿನ ದಕ್ಷಿಣ ಕಡಲ ತೀರದ ಈಸ್ಟ್‌ಬೋರ್ನ್ ಊರು. ಅಲ್ಲಿನ ಸೇಂಟ್ ಸಿಪ್ರಿಯನ್ಸ್ ಎಂಬ ಗಂಡುಮಕ್ಕಳ ಬೋರ್ಡಿಂಗ್ ಶಾಲೆಗೆ ಎಂಟು ವರ್ಷದ ಹುಡುಗನೊಬ್ಬ ಬಂದು ಸೇರಿದ. ಹೆಸರು ಎರಿಕ್ ಬ್ಲೇರ್. ಹುಟ್ಟಿದ್ದು ಬಿಹಾರದ ಮೋತಿಹಾರಿಯಲ್ಲಿ. ಅಪ್ಪ ಬ್ರಿಟಿಷ್ ಸರ್ಕಾರದ ಅಫೀಮು ಇಲಾಖೆಯಲ್ಲಿ ನೌಕರ. ಶಾಲೆಯ ಫೀಸು ವರ್ಷಕ್ಕೆ 180 ಪೌಂಡ್. ಈ ಹುಡುಗನಿಗೆ ಮಾತ್ರ ಅರ್ಧ, ಅಂದರೆ 90.

ಉಳಿದರ್ಧವನ್ನು ಬಿಟ್ಟುಕೊಟ್ಟದ್ದು ಶಾಲೆಯ ಮಾಲೀಕರು. ಸುಮ್ನೆ ಬಿಟ್ಟರಾ? ಇಲ್ಲ. ಪಾಪ ಅಂತ ಬಿಟ್ಟರಾ? ಅದೂ ಪೂರ್ತಿ ನಿಜ ಅಲ್ಲ. ಈ ಬರಹದಲ್ಲಿ ಆ 90 ಪೌಂಡಿನ ಹಿಂದೆ ಹೋಗುತ್ತೇನೆ. ಒಂದು ಖಾಸಗಿ ಶಾಲೆ ಹೇಗೆ ನಡೆಯುತ್ತಿತ್ತು, ಯಾತರ ಮೇಲೆ ನಿಂತಿತ್ತು, ಕೊನೆಗೆ ಅದರ ಹೆಸರು ಯಾರ ಕೈಗೆ ಹೋಯಿತು ಎಂಬುದೆಲ್ಲ ಆ ರಿಯಾಯಿತಿಯ ಲೆಕ್ಕದಲ್ಲೇ ಸಿಗುತ್ತದೆ.

ಪ್ರೆಪ್ ಸ್ಕೂಲ್ ಅಂದರೆ

ಮೊದಲು ಎರಡು ಪದ ಬಿಡಿಸಿಕೊಳ್ಳಬೇಕು. ನಮ್ಮಲ್ಲಿ ಪ್ರಿಪರೇಟರಿ ಅಂದ ತಕ್ಷಣ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮುಂಚೆ ಬರುವ ಆ ರಿಹರ್ಸಲ್ ಪರೀಕ್ಷೆ ನೆನಪಾಗುತ್ತದೆ. ಇಂಗ್ಲೆಂಡಿನಲ್ಲಿ ಹಾಗಲ್ಲ. ಅಲ್ಲಿ ಒಂದಿಡೀ ಶಾಲೆಯೇ ಪ್ರಿಪರೇಟರಿ. ಆಗೆಲ್ಲ ಎಂಟು ವರ್ಷಕ್ಕೆ ಹುಡುಗನನ್ನು ಕಳಿಸಿದರೆ ಹದಿಮೂರರ ತನಕ ಅಲ್ಲೇ ಊಟ, ನಿದ್ದೆ, ಪಾಠ. ಇಷ್ಟೆಲ್ಲ ತಯಾರಿ ಮುಂದಿನ ದೊಡ್ಡ ಶಾಲೆಗೆ. ಆ ದೊಡ್ಡ ಶಾಲೆಗಳಾದ ಈಟನ್, ಹ್ಯಾರೋ, ವಿಂಚೆಸ್ಟರ್‌ಗಳನ್ನು ಅವರು ಪಬ್ಲಿಕ್ ಸ್ಕೂಲ್ ಅನ್ನುತ್ತಾರೆ. ನಮ್ಮ ಕರ್ನಾಟಕ ಪಬ್ಲಿಕ್ ಸ್ಕೂಲ್ ಸರ್ಕಾರದ್ದು, ಊರಿನ ಎಲ್ಲ ಮಕ್ಕಳಿಗೂ ಬಾಗಿಲು ತೆರೆದಿರುತ್ತದೆ. ಅವರದ್ದು ನೇರ ಉಲ್ಟಾ. ಹೆಸರಲ್ಲಿ ಪಬ್ಲಿಕ್, ಒಳಗೆ ಬರೀ ದುಡ್ಡಿದ್ದವರು.

ಪ್ರೆಪ್ ಶಾಲೆಗಳು ಆ ಕಾಲದಲ್ಲಿ ಇನ್ನೂ ಖಾಸಗಿ. ಬಹಳಷ್ಟು ಕಡೆ ಹೆಡ್‌ಮಾಸ್ಟರೇ ಮಾಲೀಕ. ಕಟ್ಟಡ ಅವನದು, ಸಾಲ ಅವನದು, ಲಾಭವೂ ಅವನದು. ಸರ್ಕಾರದ ಅನುದಾನ ಇರಲಿಲ್ಲ, ಟ್ರಸ್ಟ್ ಇರಲಿಲ್ಲ, ಕೇಳುವವರೂ ಇರಲಿಲ್ಲ. ಇಂಥ ಹೆಡ್‌ಮಾಸ್ಟರುಗಳು 1892ರಲ್ಲಿ ಒಂದು ಸಂಘ ಕಟ್ಟಿಕೊಂಡರು. ಅದು ಹುಟ್ಟಿದ ಕಾರಣ ಕೇಳಿದರೆ ನಗು ಬರುತ್ತದೆ. ಚಿಕ್ಕ ಹುಡುಗರಿಗೆ ಕ್ರಿಕೆಟ್ ಚೆಂಡು ಎಷ್ಟು ದೊಡ್ಡದಿರಬೇಕು ಅಂತ ಮಾತಾಡೋಕೆ ಸೇರಿದವರು ಸಂಘ ಮಾಡಿ ಎದ್ದರು. ಪಾಠದ ವಿಷಯ ಆಮೇಲೆ ಬಂತು. 1904ರಲ್ಲಿ ದೊಡ್ಡ ಶಾಲೆಗಳಿಗೆಲ್ಲ ಸೇರಿ ಒಂದೇ ಪ್ರವೇಶ ಪರೀಕ್ಷೆ ಶುರುವಾಯಿತು.

ಅದರ ಮೇಲೆ ಇನ್ನೊಂದು ಪರೀಕ್ಷೆ ಇತ್ತು, ಸ್ಕಾಲರ್‌ಶಿಪ್ಪಿನದು. ಈಟನ್ನಿನಲ್ಲಿ ರಾಜನ ಹೆಸರಿನ ಸ್ಕಾಲರುಗಳು ಒಟ್ಟು 70 ಜನ. ಯಾರಾದರೂ ಶಾಲೆ ಬಿಟ್ಟು ಜಾಗ ಖಾಲಿಯಾದರಷ್ಟೇ ಹೊಸಬರಿಗೆ ಅವಕಾಶ. ಇಂಗ್ಲೆಂಡಿನ ಪ್ರೆಪ್ ಶಾಲೆಗಳೆಲ್ಲ ಆ ಕೆಲವೇ ಜಾಗಗಳ ಮೇಲೆ ಕಣ್ಣಿಟ್ಟು ಕೂತಿದ್ದವು.

ಅಂಗಡಿ ತೆರೆದ ದಂಪತಿ

ಸೇಂಟ್ ಸಿಪ್ರಿಯನ್ಸ್ ಶುರುವಾದದ್ದು 1899ರಲ್ಲಿ. ಶುರು ಮಾಡಿದವರು ಲೂಯಿಸ್ ವಾನ್ ವಿಲ್ಕ್ಸ್ ಮತ್ತು ಅವರ ಹೆಂಡತಿ ಸಿಸಿಲಿ. ಇಬ್ಬರೂ ಆಗ ಎಳೆ ವಯಸ್ಸಿನವರು. ಮೊದಲು ಈಸ್ಟ್‌ಬೋರ್ನಿನ ಕಾರ್ಲೈಲ್ ರಸ್ತೆಯ ಒಂದು ಮನೆಯಲ್ಲಿ ಶಾಲೆ. ಏಳೇ ವರ್ಷಕ್ಕೆ, 1906ರಲ್ಲಿ, ಸಮ್ಮರ್‌ಡೌನ್ ರಸ್ತೆಯಲ್ಲಿ ಸ್ವಂತ ಕಟ್ಟಡ, ಪಕ್ಕದಲ್ಲಿ ದೊಡ್ಡ ಆಟದ ಬಯಲು, ಬೆನ್ನಿಗೆ ಸೌತ್ ಡೌನ್ಸ್ ಎಂಬ ಹುಲ್ಲುಗುಡ್ಡಗಳು. ಧಂದೆ ಚೆನ್ನಾಗಿ ನಡೆಯುತ್ತಿತ್ತು ಅಂತ ಅರ್ಥ.

ಈಸ್ಟ್‌ಬೋರ್ನೇ ಯಾಕೆ? ಕಡಲ ಗಾಳಿ ಮಕ್ಕಳಿಗೆ ಒಳ್ಳೆಯದು ಅಂತ ಆಗಿನ ಅಪ್ಪ ಅಮ್ಮಂದಿರ ನಂಬಿಕೆ. ಲಂಡನ್ನಿನಿಂದ ನೇರ ರೈಲು. ಹೀಗಾಗಿ ಊರ ತುಂಬ ಪ್ರೆಪ್ ಶಾಲೆಗಳು. ಟೆಂಪಲ್ ಗ್ರೋವ್ ಎಂಬ ಹಳೇ ಹೆಸರುವಾಸಿ ಶಾಲೆ ಕೂಡ 1907ರಲ್ಲಿ ಲಂಡನ್ ಕಡೆಯಿಂದ ಎದ್ದು ಅಲ್ಲಿಗೇ ಬಂತು. ಒಂದೇ ಬೀದಿಯಲ್ಲಿ ಸಾಲು ಸಾಲು ಬಟ್ಟೆ ಅಂಗಡಿ ಇದ್ದಾಗ ಗಿರಾಕಿಯನ್ನು ಕರೆಯೋಕೆ ಏನಾದರೂ ಬೇಕಲ್ವಾ? ವಿಲ್ಕ್ಸ್ ದಂಪತಿ ಹಿಡಿದ ದಾರಿ ರಿಸಲ್ಟ್.

ಈ ವ್ಯವಹಾರವನ್ನು ನಾವು ಕನ್ನಡಿಗರು ವಿವರಿಸಿಕೊಳ್ಳಬೇಕಾದ ಅಗತ್ಯವೇ ಇಲ್ಲ. ನಮ್ಮ ನೆಂಟರ ಹುಡುಗನೊಬ್ಬನಿಗೆ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆ ಮಾರ್ಕ್ಸ್ ಬಂದ ವಾರದಲ್ಲೇ ಒಂದು ಪಿಯು ಕಾಲೇಜಿನವರು ಮನೆ ಹುಡುಕಿಕೊಂಡು ಬಂದರು. ಫೀಸು ಅರ್ಧ, ಹಾಸ್ಟೆಲ್ ಫ್ರೀ. ಎರಡು ವರ್ಷ ಆದ ಮೇಲೆ ಅವನ ಪಾಸ್‌ಪೋರ್ಟ್ ಸೈಜಿನ ಫೋಟೋ ಬಸ್‌ಸ್ಟ್ಯಾಂಡ್ ಮುಂದಿನ ಫ್ಲೆಕ್ಸಿನಲ್ಲಿತ್ತು. ಆ ಫ್ಲೆಕ್ಸ್ ನೋಡಿಕೊಂಡು ಪೂರ್ತಿ ಫೀಸು ಕಟ್ಟಿ ಸೇರಿದವರು ಎಷ್ಟೋ. 1911ರ ಈಸ್ಟ್‌ಬೋರ್ನಿನಲ್ಲಿ ಫ್ಲೆಕ್ಸ್ ಇರಲಿಲ್ಲ, ಅಷ್ಟೇ. ಈಟನ್ ಸ್ಕಾಲರ್‌ಶಿಪ್ ಗೆದ್ದವರ ಪಟ್ಟಿ ಆ ಕೆಲಸ ಮಾಡುತ್ತಿತ್ತು.

ಬ್ಲೇರ್ ಸಿಕ್ಕಿದ್ದು ಗಾಲ್ಫ್ ಮೈದಾನದ ಪರಿಚಯದಿಂದ. ಹುಡುಗನ ಸೋದರಮಾವ ಚಾರ್ಲ್ಸ್ ಲಿಮೂಜಾಂ ಈಸ್ಟ್‌ಬೋರ್ನಿನಲ್ಲಿ ಗಾಲ್ಫ್ ಆಡುತ್ತಿದ್ದ. ವಿಲ್ಕ್ಸ್‌ಗೂ ಅದೇ ಹುಚ್ಚು. ಹುಡುಗ ಚುರುಕು, ಮನೆಯಲ್ಲಿ ದುಡ್ಡು ಸಾಲದು ಎಂಬ ಮಾತು ಅಲ್ಲಿಂದ ಶಾಲೆಗೆ ಮುಟ್ಟಿತು. ಅಪ್ಪ 1912ರಲ್ಲಿ ನಿವೃತ್ತನಾಗಿ ಇಂಗ್ಲೆಂಡಿಗೆ ಬಂದಾಗ ಸಿಕ್ಕ ಪಿಂಚಣಿ ವರ್ಷಕ್ಕೆ ಸುಮಾರು 440 ಪೌಂಡ್. ಪೂರ್ತಿ ಫೀಸು ಕಟ್ಟಿದ್ದರೆ ಒಬ್ಬನ ಓದಿಗೇ ಮನೆಯ ಆದಾಯದ ನೂರಕ್ಕೆ 40 ಭಾಗ ಹೋಗುತ್ತಿತ್ತು. ಎರಿಕ್‌ಗೆ ಒಬ್ಬ ಅಕ್ಕ, ಒಬ್ಬ ತಂಗಿ ಬೇರೆ. ಅರ್ಧ ಫೀಸು ಇಲ್ಲದಿದ್ದರೆ ಆಗುತ್ತಲೇ ಇರಲಿಲ್ಲ.

ಬಾಳೆಕಾಯಿಗೆ ಹೊಗೆ ಹಾಕಿದ ಹಾಗೆ

ಶಾಲೆಯ ಸಮವಸ್ತ್ರ ಹಸಿರು ಅಂಗಿ, ತಿಳಿನೀಲಿ ಕಾಲರ್, ಟೋಪಿಯ ಮೇಲೆ ಮಾಲ್ಟೀಸ್ ಶಿಲುಬೆ. ಆ ಬಟ್ಟೆ ಹಾಕಿಕೊಂಡಾಗ ಎಲ್ಲ ಹುಡುಗರೂ ಒಂದೇ ಥರ ಕಾಣುತ್ತಿದ್ದಿರಬೇಕು. ಒಳಗೆ ಹಾಗಿರಲಿಲ್ಲ. ಶ್ರೀಮಂತರ ಮಕ್ಕಳು ಒಂದು ಕಡೆ, ಸಾಧಾರಣ ಮನೆಯವರು ನಡುವೆ, ಬ್ಲೇರ್‌ನಂಥ ಸ್ಕಾಲರ್‌ಶಿಪ್ ಹುಡುಗರು ಇನ್ನೊಂದು ಕಡೆ.

ಸ್ಕಾಲರ್‌ಶಿಪ್ ಹುಡುಗರಿಗೆ ಕೆಲಸ ಒಂದೇ: ಲ್ಯಾಟಿನ್, ಗ್ರೀಕ್, ಮತ್ತೆ ಲ್ಯಾಟಿನ್. ಹಣ್ಣಿನ ಮಂಡಿಯಲ್ಲಿ ಕಾಯಿಗೆ ಹೊಗೆ ಹಾಕಿ ಎರಡೇ ದಿನಕ್ಕೆ ಹಣ್ಣು ಮಾಡುತ್ತಾರಲ್ಲ, ಹಾಗೆ. ಪೂರ್ತಿ ಪುಸ್ತಕ ಓದಿಸುವ ಗೋಜು ಇಲ್ಲ. ಪರೀಕ್ಷೆಯಲ್ಲಿ ಕೇಳಬಹುದಾದ ತುಂಡುಗಳನ್ನು ಮಾತ್ರ ಅರೆದು ಕುಡಿಸುವುದು. ಇತಿಹಾಸ ಅಂದರೆ ಇಸವಿಗಳ ಸರಮಾಲೆ. ಗುಲಾಬಿ ಯುದ್ಧಗಳ, ಅಂದರೆ ಹದಿನೈದನೇ ಶತಮಾನದಲ್ಲಿ ಇಂಗ್ಲೆಂಡಿನ ಗದ್ದುಗೆಗಾಗಿ ನಡೆದ ಕಾದಾಟದ, ಕದನಗಳನ್ನು ನೆನಪಿಡೋಕೆ ಮೊದಲಕ್ಷರ ಜೋಡಿಸಿದ ಒಂದು ವಾಕ್ಯ. ಮಾಸ್ತರು ಇಸವಿ ಕೂಗುತ್ತಿದ್ದರು, ಹುಡುಗರು ಕೂತಲ್ಲೇ ಎಗರಿ ಉತ್ತರ ಕೂಗುತ್ತಿದ್ದರು. ಆ ಇಸವಿಯ ಹಿಂದೆ ಏನು ನಡೆಯಿತು ಎಂಬುದು ಯಾರಿಗೂ ಬೇಕಿರಲಿಲ್ಲ. ಹ್ಯಾರೋ ಶಾಲೆ ನಡೆಸುತ್ತಿದ್ದ ಇತಿಹಾಸದ ಬಹುಮಾನ ಪರೀಕ್ಷೆಗೆ ಪ್ರೆಪ್ ಶಾಲೆಗಳು ಪೈಪೋಟಿಯ ಮೇಲೆ ಹುಡುಗರನ್ನು ಕೂರಿಸುತ್ತಿದ್ದವು. ಸೇಂಟ್ ಸಿಪ್ರಿಯನ್ಸ್‌ಗೆ ಅದರಲ್ಲಿ ಒಳ್ಳೇ ಹೆಸರು.

ಶಾಲೆಯನ್ನು ನಿಜವಾಗಿ ನಡೆಸುತ್ತಿದ್ದದ್ದು ಹೆಂಡತಿ. ಹುಡುಗರು ಆಕೆಗೆ ಬೆನ್ನ ಹಿಂದೆ ಫ್ಲಿಪ್ ಅಂತ ಹೆಸರಿಟ್ಟಿದ್ದರು. ಆಕೆಯ ಕೃಪೆಯಲ್ಲಿ ಇರುವುದು, ಕೃಪೆಯಿಂದ ಜಾರುವುದು, ಇದೇ ಅಲ್ಲಿನ ಹವಾಮಾನ. ಇವತ್ತು ಹೆಗಲ ಮೇಲೆ ಕೈ, ನಾಳೆ ಮುಖ ತಿರುವು. ಯಾವ ತಪ್ಪಿಗೆ ಅಂತ ಎಷ್ಟೋ ಸಲ ಗೊತ್ತೇ ಆಗುತ್ತಿರಲಿಲ್ಲ. ಅತ್ತೆ ಮನೆಯ ಸೊಸೆಯಂದಿರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ.

ಆದರೆ ಅದೇ ಹೆಂಗಸು ಒಳ್ಳೇ ಇಂಗ್ಲಿಷ್ ಟೀಚರ್ ಕೂಡ. ಸರಳವಾಗಿ ಬರಿ, ಅಲಂಕಾರ ಬಿಡು ಅನ್ನುವ ಪೈಕಿ. 1914ರಲ್ಲಿ ಮಹಾಯುದ್ಧ ಶುರುವಾದಾಗ ಹನ್ನೊಂದು ವರ್ಷದ ಬ್ಲೇರ್ ಒಂದು ದೇಶಭಕ್ತಿಯ ಪದ್ಯ ಬರೆದ. ಅದು ಅಕ್ಟೋಬರಿನಲ್ಲಿ ಅವನ ಮನೆಯೂರಿನ ಪತ್ರಿಕೆಯಲ್ಲಿ ಅಚ್ಚಾಯಿತು. ಆಕೆ ಅದನ್ನು ಇಡೀ ಶಾಲೆಗೆ ಓದಿ ಹೇಳಿದರು. ಸೇನಾನಾಯಕ ಕಿಚನರ್ ಮುಳುಗಿ ಸತ್ತಾಗ, 1916ರಲ್ಲಿ, ಇನ್ನೊಂದು ಪದ್ಯ. ಅದೂ ಅಚ್ಚಾಯಿತು. ಹತ್ತಿರದಲ್ಲೇ ಗಾಯಾಳು ಸೈನಿಕರ ದೊಡ್ಡ ಶಿಬಿರ ಬಂದಿತ್ತು. ನೀಲಿ ಉಡುಪಿನ ಸೈನಿಕರು ಊರ ತುಂಬ ಓಡಾಡುತ್ತಿದ್ದರು. ಶಾಲೆ ಬಿಟ್ಟು ಹೋದ ಹಳೇ ಹುಡುಗರು ಯುದ್ಧದಲ್ಲಿ ಸತ್ತ ಸುದ್ದಿಯೂ ಬರುತ್ತಿತ್ತು.

ಒಂದು ಕೇಕಿನ ಲೆಕ್ಕ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಈ ಪ್ರಕರಣದ ನೋವಿನ ಜಾಗ ಇದು.

ಹುಡುಗರ ಹುಟ್ಟುಹಬ್ಬಕ್ಕೆ ಶಾಲೆಯಲ್ಲಿ ಕೇಕ್ ಬರುತ್ತಿತ್ತು. ಸಕ್ಕರೆ ಲೇಪಿಸಿದ ದೊಡ್ಡ ಕೇಕ್, ಮೇಲೆ ಮೇಣದಬತ್ತಿ. ಸಂಜೆ ಟೀ ಹೊತ್ತಿಗೆ ಕತ್ತರಿಸಿ ಇಡೀ ಶಾಲೆಗೆ ಹಂಚುವುದು. ಶಾಲೆಯೇ ತರಿಸಿ ಅಪ್ಪನ ಬಿಲ್ಲಿಗೆ ಸೇರಿಸುತ್ತಿತ್ತು. ಬ್ಲೇರ್‌ಗೆ ಆ ಕೇಕ್ ಒಮ್ಮೆಯೂ ಬರಲಿಲ್ಲ. ಕೇಳಿದ್ದರೆ ಅವನ ಮನೆಯವರು ದುಡ್ಡು ಕೊಡುತ್ತಿದ್ದರು. ಅವನು ಕೇಳಲಿಲ್ಲ. ಈ ಸಲವಾದರೂ ಬರಬಹುದು ಅಂತ ವರ್ಷ ವರ್ಷ ಕಾದ. ಒಂದೆರಡು ಸಲ ಗೆಳೆಯರ ಮುಂದೆ ಬರುತ್ತದೆ ಅಂತ ಹೇಳಿಯೂಬಿಟ್ಟ. ಟೀ ಹೊತ್ತು ಬಂತು, ಕೇಕ್ ಬರಲಿಲ್ಲ.

ಕ್ರಿಕೆಟ್ ಬ್ಯಾಟಿನದೂ ಅದೇ ಕಥೆ. ನಿನ್ನ ಅಪ್ಪ ಅಮ್ಮನಿಗೆ ಅದು ಭಾರವಾಗುತ್ತದೆ ಎಂಬ ಉತ್ತರ. ರಜೆ ಮುಗಿಸಿ ಬಂದ ಶ್ರೀಮಂತರ ಮಕ್ಕಳು ಹೊಸ ಹುಡುಗನನ್ನು ಸುತ್ತುಗಟ್ಟಿ, ನಿಮ್ಮಪ್ಪನ ವರ್ಷದ ಆದಾಯ ಎಷ್ಟು, ಮನೆಯಲ್ಲಿ ಎಷ್ಟು ಜನ ಆಳು, ಕಾರು ಇದೆಯಾ ಅಂತ ವಿಚಾರಣೆ ನಡೆಸುತ್ತಿದ್ದರು.

ಇದೆಲ್ಲ ಬ್ಲೇರ್ ದೊಡ್ಡವನಾದ ಮೇಲೆ ಹೇಳಿದ್ದು. ಆಗ ಅವನ ಹೆಸರು ಜಾರ್ಜ್ ಆರ್ವೆಲ್, ಅನಿಮಲ್ ಫಾರ್ಮ್ ಕಾದಂಬರಿ ಬರೆದ ಅದೇ ಲೇಖಕ. ಅರ್ಧ ಫೀಸಿನ ವಿಷಯ ಅವನಿಗೆ ಮೊದಲು ಗೊತ್ತಿರಲಿಲ್ಲವಂತೆ. ಓದಿನಲ್ಲಿ ಹಿಂದೆ ಬಿದ್ದಾಗ ಗಂಡ ಹೆಂಡತಿ ಇಬ್ಬರೂ ಅದನ್ನು ಎತ್ತಿ ಆಡಿದರು, ನಮ್ಮ ಋಣದಲ್ಲಿ ಬದುಕುತ್ತಿದ್ದೀಯ ಅಂತ ಚುಚ್ಚಿದರು ಎಂಬುದು ಅವನ ದೂರು.

ನನಗೆ ಅನ್ನಿಸುವುದು ಇಷ್ಟು. ಕೇಕ್ ತಪ್ಪಿಸಿದ್ದು ಆಕೆಯ ಲೆಕ್ಕದಲ್ಲಿ ಬಹುಶಃ ಉಪಕಾರ. ಬಡ ಮನೆಯ ಬಿಲ್ಲು ಸ್ವಲ್ಪ ಕಡಿಮೆ ಆಗಲಿ ಅಂತ ಇರಬಹುದು. ಆದರೆ ರಿಯಾಯಿತಿ ಕೊಟ್ಟವರು ಅದನ್ನು ಹುಡುಗನ ಕಣ್ಣೆದುರಿಗೇ ವಸೂಲಿ ಮಾಡಿದರು. ಎಂಟು ವರ್ಷದವನಿಗೆ 90 ಪೌಂಡಿನ ಉಪಕಾರ ಕಾಣುವುದಿಲ್ಲ. ತಟ್ಟೆಯಲ್ಲಿ ಇಲ್ಲದ ಕೇಕ್ ಕಾಣುತ್ತದೆ.

ಹೂಡಿದ ಬಂಡವಾಳವೇನೋ ವಾಪಸ್ ಬಂತು. 1916ರಲ್ಲಿ ಬ್ಲೇರ್ ವೆಲಿಂಗ್ಟನ್ ಎಂಬ ಇನ್ನೊಂದು ಪಬ್ಲಿಕ್ ಸ್ಕೂಲಿನ ಸ್ಕಾಲರ್‌ಶಿಪ್ ಗೆದ್ದ. ಈಟನ್ ಪಟ್ಟಿಯಲ್ಲೂ ಹೆಸರು ಬಂತು, ಆದರೆ ಜಾಗ ಖಾಲಿ ಇರಲಿಲ್ಲ. ಡಿಸೆಂಬರಿನಲ್ಲಿ ಸೇಂಟ್ ಸಿಪ್ರಿಯನ್ಸ್ ಬಿಟ್ಟು ಕೆಲವು ವಾರ ವೆಲಿಂಗ್ಟನ್ನಿನಲ್ಲಿ ಕಳೆದು, 1917ರ ಮೇ ತಿಂಗಳಲ್ಲಿ ಈಟನ್ ಸೇರಿದ. ವಿಲ್ಕ್ಸ್ ದಂಪತಿಯ ಮಟ್ಟಿಗೆ ವ್ಯವಹಾರ ಲಾಭದಲ್ಲೇ ಮುಗಿಯಿತು ಅಂತ ಅಂದುಕೊಂಡಿರಬೇಕು.

ಸಾಕ್ಷಿಗಳು ತಾಳೆಯಾಗುವುದಿಲ್ಲ

ಆರ್ವೆಲ್ ತನ್ನ ಶಾಲೆಯ ಬಗ್ಗೆ ಬರೆದ ಉದ್ದನೆಯ ಪ್ರಬಂಧವನ್ನು 1947ರಲ್ಲಿ ಪ್ರಕಾಶಕರಿಗೆ ಕಳಿಸಿದ. ಇದನ್ನು ಅಚ್ಚು ಹಾಕಿದರೆ ಮಾನನಷ್ಟದ ಕೇಸು ಬೀಳುತ್ತದೆ ಅಂತ ಅವನೇ ಹೇಳಿದ್ದ. 1950ರ ಜನವರಿಯಲ್ಲಿ ಅವನು ತೀರಿಕೊಂಡ. ಪ್ರಬಂಧ 1952ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ, ಶಾಲೆಯ ಹೆಸರು ಬದಲಿಸಿ, ಬಂತು. ಇಂಗ್ಲೆಂಡಿನಲ್ಲಿ ಬರಲಿಲ್ಲ. ಮಿಸೆಸ್ ವಿಲ್ಕ್ಸ್ ಇನ್ನೂ ಇದ್ದರು.

ಅದರಲ್ಲಿ ಇರುವುದನ್ನು ಓದಿದರೆ ಹೊಟ್ಟೆ ತೊಳಸುತ್ತದೆ. ಅಂಚಿನ ಕೆಳಗೆ ಹಳೇ ಗಂಜಿ ಗಟ್ಟಿಯಾಗಿ ಅಂಟಿಕೊಂಡ ಲೋಹದ ಬಟ್ಟಲು. ಪಾಚಿ ವಾಸನೆಯ ತಣ್ಣೀರಿನ ತೊಟ್ಟಿ. ಹಾಸಿಗೆ ಒದ್ದೆ ಮಾಡಿಕೊಂಡದ್ದಕ್ಕೆ ಕುದುರೆ ಚಾಟಿಯಿಂದ, ಅದು ಮುರಿಯುವವರೆಗೆ ಹೊಡೆತ. ಹಸಿವಿಗೆ ನಡುರಾತ್ರಿ ಎದ್ದು ಉಗ್ರಾಣಕ್ಕೆ ನುಗ್ಗಿ ಒಣ ಬ್ರೆಡ್ ಕದಿಯುವುದು.

ಇದು ನಿಜವಾ? ಇಲ್ಲಿ ಪ್ರಕರಣ ಸಿಕ್ಕಾಗುತ್ತದೆ. ಅದೇ ಶಾಲೆಯಲ್ಲಿ ಅದೇ ಕಾಲಕ್ಕೆ ಓದಿದ ಸಿರಿಲ್ ಕಾನಲಿ, ಮುಂದೆ ದೊಡ್ಡ ವಿಮರ್ಶಕನಾದವನು, 1938ರಲ್ಲೇ ಬೇರೆ ಹೆಸರಿಟ್ಟು ಶಾಲೆಯನ್ನು ಗೇಲಿ ಮಾಡಿದ್ದ. ಆರ್ವೆಲ್ ತನ್ನದನ್ನು ಬರೆಯೋಕೆ ಅದೂ ಒಂದು ಕಾರಣ. ಫೋಟೋಗ್ರಾಫರ್ ಸೆಸಿಲ್ ಬೀಟನ್ ಕೂಡ ಅಲ್ಲಿಯವನೇ. ಆರ್ವೆಲ್ ಬರೆದದ್ದು ಬಿದ್ದು ಬಿದ್ದು ನಗುವ ಹಾಗಿದೆ, ಆದರೆ ಉಪ್ಪುಖಾರ ಜಾಸ್ತಿಯಾಗಿದೆ ಎಂಬ ಧಾಟಿ ಅವನದು. ಗಾಲ್ಫ್ ಬರಹಗಾರ ಹೆನ್ರಿ ಲಾಂಗ್‌ಹರ್ಸ್ಟ್ ಮಾತ್ರ ಮಿಸೆಸ್ ವಿಲ್ಕ್ಸ್ ಪರವಾಗಿ ಗಟ್ಟಿಯಾಗಿ ನಿಂತ. ತಾನು ಕಂಡ ಅಸಾಮಾನ್ಯ ಹೆಂಗಸರಲ್ಲಿ ಆಕೆಯೂ ಒಬ್ಬರು ಅಂದ. ರಜೆಯಲ್ಲಿ ಎರಿಕ್ ಜೊತೆ ಆಡಿ ಬೆಳೆದ ಗೆಳತಿ ಜಸಿಂತಾ ಬಡಿಕಾಮ್ ಕೂಡ, ಅವನು ಖುಷಿಯಾಗಿದ್ದ ಹುಡುಗ, ಈ ಬರಹದಲ್ಲಿರುವ ಹುಡುಗ ನನಗೆ ಗೊತ್ತಿಲ್ಲ ಎಂಬರ್ಥದಲ್ಲೇ ಮಾತಾಡಿದಳು. ಶಾಲೆಯಿಂದ ಅವನು ಅಮ್ಮನಿಗೆ ಬರೆದ ಪತ್ರಗಳು ಉಳಿದಿವೆ. ಅವುಗಳಲ್ಲಿ ಮಾರ್ಕ್ಸು, ಫುಟ್ಬಾಲು, ಸ್ಟ್ಯಾಂಪು. ಚಾಟಿ ಇಲ್ಲ.

ಆದರೆ ಬೋರ್ಡಿಂಗಿನಲ್ಲಿ ಓದಿದ ಯಾರನ್ನಾದರೂ ಕೇಳಿ ನೋಡಿ. ಮನೆಗೆ ಬರೆದ ಪತ್ರದಲ್ಲಿ ಯಾರು ನಿಜ ಬರೆಯುತ್ತಾರೆ? ಕ್ಷೇಮ, ಚೆನ್ನಾಗಿ ಓದುತ್ತಿದ್ದೇನೆ, ಚಕ್ಕುಲಿ ಕಳಿಸಿ. ಅಷ್ಟೇ ಅಲ್ವಾ? ಹಾಗಾಗಿ ಪತ್ರಗಳನ್ನು ಹಿಡಿದು ಆರ್ವೆಲ್ ಸುಳ್ಳು ಹೇಳಿದ ಅನ್ನೋಕೆ ಬರುವುದಿಲ್ಲ. ಚಾಟಿ ಮುರಿದ ಪ್ರಸಂಗ ಅವನಿಗೇ ನಡೆದದ್ದಾ, ಬೇರೆ ಹುಡುಗನದಾ ಎಂದು ಅವನ ಜೀವನ ಚರಿತ್ರೆ ಬರೆದವರಲ್ಲೇ ಅನುಮಾನ ಇದೆ. ನನಗೆ ಕೇಕಿನ ಮೇಲೆ ಅನುಮಾನ ಇಲ್ಲ. ಅಂಥ ಸಣ್ಣ ಅವಮಾನವನ್ನು ಯಾರೂ ಕಟ್ಟಿ ಹೇಳುವುದಿಲ್ಲ.

ಇನ್ನೊಂದು ಗಮನಿಸಬೇಕು. ಪೂರ್ತಿ ಫೀಸಿನ ಹುಡುಗರೆಲ್ಲ ಸುಖವಾಗಿದ್ದರು ಅಂತಲೂ ಅಲ್ಲ. ಮುಂದೆ ನೀರುನಾಯಿಗಳ ಬಗ್ಗೆ ಬರೆದು ಹೆಸರಾದ ಗ್ಯಾವಿನ್ ಮ್ಯಾಕ್ಸ್‌ವೆಲ್ ದೊಡ್ಡ ಮನೆತನದವನು. ಅವನಿಗೂ ಅಲ್ಲಿ ಹಿಡಿಸಲಿಲ್ಲ. ನಮ್ಮ ದೇಶದ ಕೂಚ್ ಬಿಹಾರದ ಮಹಾರಾಜ ಜಗದ್ದೀಪೇಂದ್ರ ನಾರಾಯಣ, ಅಂದರೆ ಮುಂದೆ ಜೈಪುರದ ಮಹಾರಾಣಿಯಾದ ಗಾಯತ್ರಿ ದೇವಿಯ ಅಣ್ಣ, ಕೂಡ ಇದೇ ಶಾಲೆಯಲ್ಲಿ ಓದಿ ಹ್ಯಾರೋಗೆ ಹೋದವನು. ಅಫೀಮು ಇಲಾಖೆಯ ನೌಕರನ ಮಗ ಅರ್ಧ ಫೀಸಿನಲ್ಲಿ ಕಲಿತ ಅದೇ ಶಾಲೆಗೆ ಕೆಲವು ವರ್ಷಗಳ ನಂತರ ಒಬ್ಬ ಭಾರತೀಯ ಮಹಾರಾಜ ಬಂದ.

ಬೆಂಕಿ, ಮತ್ತೆ ಆಮೇಲೆ

1939ರ ಮೇ 14ರ ಮುಂಜಾವು ಶಾಲೆಗೆ ಬೆಂಕಿ ಬಿತ್ತು. ಕಟ್ಟಡ ಉಳಿಯಲಿಲ್ಲ. ಹುಡುಗರು ಪಾರಾದರು. ಮನೆಗೆಲಸದ ಒಬ್ಬ ಎಳೆ ಹುಡುಗಿ ಸತ್ತಳು. ಶಾಲೆಯ ಬಗ್ಗೆ ಪುಟಗಟ್ಟಲೆ ಬರೆದ ಹಳೇ ವಿದ್ಯಾರ್ಥಿಗಳ ನಡುವೆ ಆಕೆಗೆ ಸಿಕ್ಕಿರುವುದು ಒಂದೋ ಎರಡೋ ಸಾಲು.

ಮಾಲೀಕರ ಸ್ವಂತ ಆಸ್ತಿಯಾಗಿ ನಡೆಯುವ ಶಾಲೆಗೆ ಇಂಥ ಏಟು ತಡೆಯುವುದು ಕಷ್ಟ. ಶಾಲೆ ಬೇರೆ ಕಡೆಗೆ ಹೋಯಿತು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು. 1943ರಲ್ಲಿ ಮುಚ್ಚಿತು. ಆಟದ ಬಯಲು ಈಸ್ಟ್‌ಬೋರ್ನ್ ಕಾಲೇಜಿನ ಪಾಲಾಯಿತು. ಒಟ್ಟು ಲೆಕ್ಕ ಹಾಕಿದರೆ ಶಾಲೆ ಬದುಕಿದ್ದು 44 ವರ್ಷ, ಅದೂ ಒಂದೇ ಮನೆಯವರ ಕೈಯಲ್ಲಿ.

ಕಾನಲಿಯ ಕಥೆಗೆ ಒಂದು ಬಾಲ ಇದೆ. ಅಪ್ಪ ಅಮ್ಮ ತೀರಿಹೋದ ಮೇಲೆ ಅವರ ಕಾಗದಪತ್ರಗಳಲ್ಲಿ ತನ್ನ ಹಳೇ ರಿಪೋರ್ಟುಗಳೂ ವಿಲ್ಕ್ಸ್ ದಂಪತಿಯ ಪತ್ರಗಳೂ ಅವನ ಕೈಗೆ ಸಿಕ್ಕವು. ಓದಿದ ಮೇಲೆ ಅವನಿಗೆ ತಾನು ಬರೆದದ್ದು ಅನ್ಯಾಯ ಅನ್ನಿಸಿತು, ಅದನ್ನು ಬರೆದೂ ಒಪ್ಪಿಕೊಂಡ. 1967ರಲ್ಲಿ ಮಿಸೆಸ್ ವಿಲ್ಕ್ಸ್ ತೀರಿಕೊಂಡಾಗ ಅಂತ್ಯಕ್ರಿಯೆಗೆ ಹೋದ. ಅಲ್ಲಿ ಯಾರೂ ಅವನನ್ನು ಮಾತಾಡಿಸಲಿಲ್ಲ. ಆರ್ವೆಲ್‌ಗೆ ಮನಸ್ಸು ಬದಲಿಸೋಕೆ ಆ ಹೊತ್ತಿಗೆ ಅವಕಾಶವೇ ಇರಲಿಲ್ಲ. ಮಾರನೇ ವರ್ಷ, 1968ರಲ್ಲಿ, ಅವನ ಪ್ರಬಂಧ ಇಂಗ್ಲೆಂಡಿನಲ್ಲಿ ಮೊದಲ ಸಲ ಅಚ್ಚಾಯಿತು.

ಈಗ ಸಮ್ಮರ್‌ಡೌನ್ ರಸ್ತೆಯಲ್ಲಿ ಶಾಲೆಗೆ ಸೇರಿದ ಒಂದು ಮನೆ ಮಾತ್ರ ಉಳಿದಿದೆ. ಅದರ ಗೋಡೆಯ ಮೇಲೆ ಒಂದು ಫಲಕ ಹಾಕಿದ್ದಾರೆ. ಫಲಕದಲ್ಲಿ ಅರ್ಧ ಫೀಸಿನ ಹುಡುಗನ ಹೆಸರಿದೆ.